ಪುನರ್ಪುಳಿ ಸಿಪ್ಪೆ ಮಳೆಗೆ ಮುಂಚೆಯೇ ಒಣಗಲಿ

ಪುನರ್ಪುಳಿ, ಅಂದರೆ ಕೋಕಂ, ಹಣ್ಣಾಗುವುದೇ ಬೇಸಿಗೆಯ ಕೊನೆಗೆ. ಹಾಗಾಗಿ ನಾಳೆ ನೋಡೋಣ ಅಂತ ಬಿಡಬೇಡಿ, ಒಂದು ಮಳೆ ಬಿತ್ತೆಂದರೆ ಮರದಡಿಯ ಹಣ್ಣೆಲ್ಲ ಕೊಳೆಯುತ್ತದೆ, ಅಂಗಳದಲ್ಲಿ ಹರಡಿದ ಸಿಪ್ಪೆಗೂ ಬೂಷ್ಟು ಹಿಡಿಯುತ್ತದೆ.

ಚೆನ್ನಾಗಿ ಕಪ್ಪುಗೆಂಪು ಆದ ಹಣ್ಣನ್ನೇ ಆರಿಸಿ. ಎರಡು ಹೋಳು ಮಾಡಿ, ಬೀಜ ಮತ್ತು ಲೋಳೆಯಂಥ ತಿರುಳನ್ನು ಒಂದು ಗಾಜಿನ ಪಾತ್ರೆಗೆ ಹಾಕಿ ಉಪ್ಪು ಬೆರೆಸಿಡಿ. ಸಿಪ್ಪೆ ಬಿಸಿಲಿಗೆ ಹೋಗಲಿ. ಸಂಜೆ ಅದನ್ನು ಆ ಉಪ್ಪು ರಸದಲ್ಲಿ ಅದ್ದಿಡಿ, ಮರುದಿನ ಹಿಂಡಿ ಮತ್ತೆ ಬಿಸಿಲಿಗೆ, ಹೀಗೆ ಮೂರ್ನಾಲ್ಕು ಸಲ. ಸುಮ್ನೆ ಒಂದೇ ಸಲ ಒಣಗಿಸಿದ ಸಿಪ್ಪೆಗೆ ಈ ಹುಳಿ, ಈ ಬಣ್ಣ ಬರುವುದಿಲ್ಲ. ಕೊನೆಗೆ ಅದು ಕಪ್ಪಾಗಿ, ಮಡಿಚಿದರೆ ಬಾಗಬೇಕು, ಆದರೆ ಬೆರಳಿಗೆ ಪಸೆ ಅಂಟಬಾರದು. ಶರಬತ್ತಿಗೆ ಬೇಕಾದಷ್ಟನ್ನು ಮಾತ್ರ ಉಪ್ಪಿಲ್ಲದೆ ಬೇರೆ ಒಣಗಿಸಿಡಿ. ಗಾಜಿನ ಭರಣಿ ಅಥವಾ ಪಿಂಗಾಣಿ ಜಾಡಿಯೇ ಆಗಬೇಕು, ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಹುಳಿ ಅದನ್ನು ತಿನ್ನುತ್ತದೆ.

ಸಾರಿಗೆ ಬೇಳೆ ಬೇಕಾಗಿಲ್ಲ. ಏಳೆಂಟು ಸಿಪ್ಪೆಯನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೀಳಿದ ಹಸಿಮೆಣಸು ಮತ್ತು ಬೆಲ್ಲ ಹಾಕಿ ಒಂದು ಕುದಿ ಬರಿಸಿ. ಉಪ್ಪನ್ನು ರುಚಿ ನೋಡಿಯೇ ಹಾಕಿ, ಸಿಪ್ಪೆಯಲ್ಲೇ ಇರುತ್ತದಲ್ವಾ. ತುಪ್ಪದಲ್ಲಿ ಸಾಸಿವೆ, ಜೀರಿಗೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ಆಯಿತು, ಬೆಳ್ಳುಳ್ಳಿ ತಿನ್ನುವವರು ಜಜ್ಜಿ ಹಾಕಿಕೊಳ್ಳಿ. ಅನ್ನಕ್ಕೂ ಸರಿ, ಊಟದ ಕೊನೆಗೆ ಲೋಟದಲ್ಲಿ ಕುಡಿಯಲಿಕ್ಕೂ ಸರಿ. ಸಿಪ್ಪೆ ನೆನೆಸಿ ಕಿವುಚಿದ ರಸಕ್ಕೇ ತೆಂಗಿನ ಹಾಲು ಬೆರೆಸಿ ಕೊಂಕಣಿಗರು ಸೋಲ್‌ಕಡಿ ಮಾಡುತ್ತಾರೆ. ಆದರೆ ಹಾಲು ಹಾಕಿದ ಮೇಲೆ ಕುದಿಸಬೇಡಿ, ಒಡೆಯುತ್ತದೆ.

ತಾಜಾ ಹಣ್ಣು ಸಿಕ್ಕಿದಾಗ ಶರಬತ್ತಿಗೆ ಸಿಪ್ಪೆಯ ಒಂದು ಅಳತೆಗೆ ಎರಡರಷ್ಟು ಸಕ್ಕರೆ ಪದರ ಪದರವಾಗಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಡಿ. ವಾರದಲ್ಲಿ ರಸ ತಾನಾಗಿ ಇಳಿಯುತ್ತದೆ. ನೀರು ತಾಗಿಸಲೇಬಾರದು, ಒದ್ದೆ ಸೌಟು ಹಾಕಿದರೆ ಹುದುಗು ಬಂದುಬಿಡುತ್ತದೆ. ಕುಡಿಯುವಾಗ ಜೀರಿಗೆ ಪುಡಿ, ಚಿಟಿಕೆ ಉಪ್ಪು.

ಉಳಿದ ಬೀಜ ಎಸೆಯುವವರನ್ನು ಕಂಡರೆ ನನಗೆ ಸಂಕಟ. ತೊಳೆದು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ಜಿಡ್ಡು ತೇಲುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ರಾತ್ರಿ ಕಾಲು ತೊಳೆದು, ಒರೆಸಿ, ಒಡೆದ ಹಿಮ್ಮಡಿಗೆ ಅದನ್ನು ಸ್ವಲ್ಪ ಬಿಸಿ ಮಾಡಿ ಹಚ್ಚಿ.