ಜಿಪ್ಸಮ್ ಬೋರ್ಡಿನ ಗೋಡೆ: ಕೂರಿಸುವುದು ಮತ್ತು ಸಂದು ಮುಚ್ಚುವುದು

ದೊಡ್ಡ ಕೋಣೆಯೊಂದನ್ನು ಎರಡಾಗಿ ವಿಂಗಡಿಸಲು ಇಟ್ಟಿಗೆಯೇ ಬೇಕೆಂದಿಲ್ಲ. ಜಿಐ (ಸತು ಲೇಪಿತ ಕಬ್ಬಿಣದ) ಚಾನೆಲ್‌ಗಳ ಚೌಕಟ್ಟಿಗೆ ಎರಡೂ ಕಡೆ 12.5 ಮಿ.ಮೀ. ದಪ್ಪದ ಜಿಪ್ಸಮ್ ಬೋರ್ಡ್ (ಎರಡೂ ಮುಖಕ್ಕೆ ಕಾಗದ ಅಂಟಿಸಿದ ಜಿಪ್ಸಮ್ ಹಲಗೆ) ಬಿಗಿದರೆ ಸಾಕಾಗುತ್ತದೆ. ನಿಲುವು ಚಾನೆಲ್‌ಗಳನ್ನು 2 ಅಡಿ ಅಂತರದಲ್ಲಿ ನಿಲ್ಲಿಸಿದರೆ, 4 ಅಡಿ ಅಗಲದ ಬೋರ್ಡಿನ ಎರಡೂ ಅಂಚುಗಳು ಚಾನೆಲ್‌ನ ಮಧ್ಯಕ್ಕೇ ಬಂದು ಕೂರುತ್ತವೆ. ಎರಡನೆಯ ಬದಿಯನ್ನು ಮುಚ್ಚುವ ಮೊದಲೇ ವೈರಿಂಗ್ ಪೈಪುಗಳನ್ನು ಎಳೆದು, ಟಿವಿ ಅಥವಾ ಕಪಾಟು ತೂಗುಹಾಕುವ ಜಾಗದಲ್ಲಿ ಒಳಗಿನಿಂದ ಪ್ಲೈವುಡ್ ಕೊಟ್ಟಿರಬೇಕು.

ಬೋರ್ಡನ್ನು ಕತ್ತರಿಸಲು ಗರಗಸ ಬೇಡ. ಮುಂಬದಿಯ ಕಾಗದವನ್ನು ಪಟ್ಟಿಯ ಆಸರೆಯಲ್ಲಿ ಚಾಕುವಿನಿಂದ ಗೀರಿ, ಗೀರಿನ ಹಿಂದೆ ಒತ್ತಿದರೆ ಅದು ನೇರವಾಗಿ ಮುರಿಯುತ್ತದೆ. ಬಳಿಕ ಹಿಂಬದಿಯ ಕಾಗದವನ್ನು ಕೊಯ್ಯಬೇಕು. ಬೋರ್ಡು ನೆಲಕ್ಕೆ ತಾಗದಂತೆ ಸುಮಾರು 10 ಮಿ.ಮೀ. ಎತ್ತರಿಸಿ ಬಿಗಿಯದಿದ್ದರೆ, ನೆಲ ಒರೆಸಿದ ನೀರನ್ನೆಲ್ಲ ಅದು ಹೀರಿಕೊಳ್ಳುತ್ತದೆ. 25 ಮಿ.ಮೀ. ಸ್ಕ್ರೂಗಳನ್ನು ಸುಮಾರು 9 ಇಂಚಿಗೊಂದರಂತೆ ಹಾಕುವಾಗ ತಲೆಯು ಮೇಲ್ಮೈಗಿಂತ ಕೂದಲೆಳೆಯಷ್ಟು ಒಳಗಿಳಿಯಬೇಕು. ಕಾಗದ ಹರಿದರೆ ಆ ಸ್ಕ್ರೂವಿಗೆ ಹಿಡಿತವಿರುವುದಿಲ್ಲ, ಪಕ್ಕದಲ್ಲಿ ಇನ್ನೊಂದನ್ನು ಹಾಕುವುದೇ ಸರಿ.

ಕೆಲಸ ಕೆಡುವುದು ಹೆಚ್ಚಾಗಿ ಸಂದುಗಳಲ್ಲಿ. ಸಂದಿನ ಮೇಲೆ ಜಾಯಿಂಟಿಂಗ್ ಕಾಂಪೌಂಡ್ (ಸಂದು ಮುಚ್ಚುವ ಲೇಪ) ಬಳಿದು, ಕಾಗದದ ಟೇಪನ್ನು ಅದರಲ್ಲಿ ಗಾಳಿಗುಳ್ಳೆ ಉಳಿಯದಂತೆ ಒತ್ತಿ, ಅದು ಪೂರ್ತಿ ಒಣಗಿದ ನಂತರವೇ ಮೊದಲಿಗಿಂತ ಅಗಲವಾಗಿ ಇನ್ನೆರಡು ಪದರ ಎಳೆಯಬೇಕು. ಬಣ್ಣದವರು ಕಾದಿದ್ದಾರೆಂದು ಅವಸರಿಸಿದರೆ, ಅಥವಾ ಟೇಪಿಲ್ಲದೆ ಬರಿಯ ಪುಟ್ಟಿ ತುಂಬಿದರೆ, ಕೆಲವೇ ತಿಂಗಳಲ್ಲಿ ಸಂದಿನುದ್ದಕ್ಕೂ ಬಿರುಕು ಕಾಣಿಸಿಕೊಳ್ಳುತ್ತದೆ. ತೇವವಿರುವ ಕಡೆ ತೇವನಿರೋಧಕ ಹಸಿರು ಬೋರ್ಡ್ ಬಳಸಬಹುದು. ಷವರ್‌ನ ನೀರು ನೇರವಾಗಿ ಬೀಳುವ ಗೋಡೆಗೆ ಸಿಮೆಂಟ್ ಬೋರ್ಡೇ ಆಗಬೇಕು.