ಅಬೆರ್ಲಿಯ ಹಾಗೆ ಗೆರೆ ಕೊರೆದು ಬಣ್ಣ ತುಂಬುವುದು

ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಕಾಗದಕ್ಕೆ ಅಚ್ಚು ಹಾಕಿ, ಮೇಲೆ ಕೈಯಲ್ಲಿ ಬಣ್ಣ ಹಚ್ಚುವ ಕೆಲಸ ಇದು. ಮೊದಲ ಸಲ ನಾನು ಹೀಗೆ ಮಾಡಿದ, ಸ್ವಿಟ್ಜರ್ಲೆಂಡ್‌ನ ಸ್ಟೌಬ್‌ಬಾಖ್ ಜಲಪಾತದ ಚಿತ್ರ ಮಕ್ಕಳು ಬಣ್ಣ ತುಂಬುವ ಪುಸ್ತಕದ ಪುಟದಂತೆ ಬಂತು. ದಪ್ಪ ಕಪ್ಪು ಗೆರೆ, ನಡುವೆ ಬೇಲಿಯೊಳಗೆ ಕೂಡಿಹಾಕಿದಂಥ ಬಣ್ಣ. ತಪ್ಪು ಬಣ್ಣದ್ದಲ್ಲ, ಗೆರೆಯದು ಎಂದು ತಿಳಿಯುವಷ್ಟರಲ್ಲಿ ಮೂರು ತಗಡು ಹಾಳಾಗಿದ್ದವು.

ಈ ವಿಧಾನ ಸ್ವಿಸ್ ಚಿತ್ರಕಾರ ಯೋಹಾನ್ ಲುಡ್ವಿಗ್ ಅಬೆರ್ಲಿಯದು. 1723ರಲ್ಲಿ ವಿಂಟರ್‌ಥೂರ್‌ನಲ್ಲಿ ಹುಟ್ಟಿದವನು, 1741ರಲ್ಲಿ ಬರ್ನ್‌ಗೆ ಬಂದು ಬಹಳ ವರ್ಷ ಜನರ ಭಾವಚಿತ್ರ ಬರೆದು ಹೊಟ್ಟೆ ಹೊರೆದ. ಮನಸ್ಸೆಲ್ಲ ಬೆಟ್ಟ, ಸರೋವರಗಳ ಮೇಲೆ. ಆಲ್ಪ್ಸ್ ನೋಡಲು ಬರುವವರಿಗೆ ನೆನಪಿಗೊಂದು ಚಿತ್ರ ಬೇಕು, ಆದರೆ ಒಬ್ಬೊಬ್ಬರಿಗೂ ಹೊಸದಾಗಿ ಬರೆದುಕೊಡುತ್ತ ಕೂತರೆ ಮುಗಿಯದು. ಹಾಗಾಗಿ ಗೆರೆಯನ್ನಷ್ಟೇ ಅಚ್ಚು ಹಾಕಿ, ಬಣ್ಣ ಕೈಯಲ್ಲಿ ಹಚ್ಚಿದ. 1779ರಲ್ಲಿ ಬರ್ನ್‌ಗೆ ಬಂದ ಜರ್ಮನ್ ಕವಿ ಗಯಟೆ ಕೂಡ ಅವನನ್ನು ಕಂಡು ಹೋದ.

ತಾಮ್ರದ ತಗಡಿಗೆ ಗ್ರೌಂಡ್ (ಕೊರೆಯುವ ದ್ರಾವಣ ತಾಗದಂತೆ ತಡೆಯುವ ಲೇಪ) ಹಚ್ಚಿ, ಚಿತ್ರವನ್ನು ಟ್ರೇಸಿಂಗ್ ಹಾಳೆಯಲ್ಲಿ ತೆಗೆದು, ಮಗುಚಿ ಇಳಿಸಿಕೊಳ್ಳಿ. ಮರೆತರೆ ಎಡದ ಬೆಟ್ಟ ಬಲಕ್ಕೆ ಬಂದು ಕೂರುತ್ತದೆ. ಸೂಜಿಯಿಂದ ಲೇಪ ಗೀರಿ ಹೊರಗೆರೆ ಮಾತ್ರ ಎಳೆಯಿರಿ. ನೆರಳಿಗೆಂದು ಅಡ್ಡಗೆರೆ ಹಾಕಲು ಕೈ ತುಡಿಯುತ್ತದೆ, ತಡೆದುಕೊಳ್ಳಿ. ಗೀರಿದ ಕಡೆ ತಾಮ್ರವನ್ನು ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ತಗಡನ್ನು ಮುಖ ಕೆಳಗಾಗಿಸಿ ಇಡಬೇಕು, ಇಲ್ಲವಾದರೆ ಗೆರೆಯೊಳಗೆ ಗಸಿ ಕೂತು ಕೊರೆತ ನಿಲ್ಲುತ್ತದೆ. ನಾನು ದೂರದ ಬೆಟ್ಟಗಳ ಗೆರೆ ತೆಳುವಾಗೇ ಉಳಿಯಲೆಂದು ಅವನ್ನು ಐದೇ ನಿಮಿಷಕ್ಕೆ ವಾರ್ನಿಷ್ ಹಚ್ಚಿ ಮುಚ್ಚುತ್ತೇನೆ, ಮುಂದಿನ ಮರ-ಬಂಡೆಗಳಿಗೆ ಇನ್ನೊಂದಿಷ್ಟು ಹೊತ್ತು ಕೊಡುತ್ತೇನೆ. ನಿಮ್ಮ ದ್ರಾವಣದ ಬಿರುಸು ಬೇರೆ ಇರಬಹುದು, ತುಂಡು ತಗಡಿನಲ್ಲಿ ನೋಡಿಕೊಳ್ಳಿ. ಕೈಗವಸು ಬೇಕೇ ಬೇಕು. ಉಳಿದ ದ್ರಾವಣ ಸಿಂಕಿಗೆ ಸುರಿಯುವಂತಿಲ್ಲ.

ಲೇಪ ತೆಗೆದ ಮೇಲೆ ಅಚ್ಚಿಗೆಂದು ಗೆರೆಗಳಿಗೆ ತುಂಬುವ ಶಾಯಿ ಎಣ್ಣೆಯದೇ ಇರಲಿ, ಆದರೆ ಕಪ್ಪಲ್ಲ, ತೆಳು ಬೂದು. ಗುಟ್ಟೆಲ್ಲ ಇಲ್ಲೇ ಇರುವುದು: ಬಣ್ಣ ಬಿದ್ದ ಮೇಲೆ ಗೆರೆ ಅದರಡಿ ಕರಗಿಹೋಗಬೇಕು, ನೋಡಿದವರು ಜಲವರ್ಣವೆಂದೇ ಅಂದುಕೊಳ್ಳಬೇಕು. ಪ್ರಿಂಟಿಗೆಂದೇ ಮಾರುವ ಮೆತ್ತನೆಯ ಕಾಗದ ಬಣ್ಣವನ್ನು ಒತ್ತುಕಾಗದದ ಹಾಗೆ ಹೀರಿಬಿಡುತ್ತದೆ. ನಯವಾದ ಜಲವರ್ಣದ ಕಾಗದವನ್ನೇ ಒದ್ದೆ ಮಾಡಿ ಪ್ರೆಸ್ಸಿಗೆ ಕೊಡಿ. ಆಮೇಲೆ ವಾರ ಒಣಗಲಿ.

ಬಣ್ಣಕ್ಕೆ ಮುಂಚೆ ನೀರು ಬೆರೆಸಿದ ಇಂಡಿಯನ್ ಇಂಕಿನಲ್ಲಿ (ಕಪ್ಪು ಮಸಿ) ನೆರಳು ಹಾಕಿ ಮುಗಿಸಿ. ಅಬೆರ್ಲಿಯ ಚಿತ್ರಗಳ ತಂಪು ಈ ಬೂದುಬಣ್ಣದಿಂದ ಬಂದದ್ದು. ಅದರ ಮೇಲೆ ಆಕಾಶ, ದೂರದ ನೀಲಿ, ಕಣಿವೆಯ ಹಸಿರು, ಕೊನೆಗೆ ಮುಂದಿನ ಬಂಡೆಗಳ ಕಂದು, ಎಲ್ಲವೂ ಪಾರದರ್ಶಕವಾಗಿ. ಬಿಳಿ ಬಣ್ಣ ಮುಟ್ಟಬೇಡಿ. ಜಲಪಾತ ಎಂದರೆ ಬಿಟ್ಟ ಕಾಗದ. ಮಾದರಿಗೆ ಬರ್ನ್‌ನ ಸ್ವಿಸ್ ರಾಷ್ಟ್ರೀಯ ಗ್ರಂಥಾಲಯದ ಗೂಗೆಲ್‌ಮನ್ ಸಂಗ್ರಹ ಅಂತರ್ಜಾಲದಲ್ಲಿ ಸಿಗುತ್ತದೆ, ಹಿಗ್ಗಿಸಿ ನೋಡಿ.

ಐದು ಹಾಳೆ ಸಾಲಾಗಿ ಇಟ್ಟುಕೊಂಡು, ಒಂದು ಬಣ್ಣ ಐದಕ್ಕೂ ಹಚ್ಚಿದ ಮೇಲೆ ಇನ್ನೊಂದಕ್ಕೆ ಹೋಗಿ. ಒಂದರ ಆಕಾಶವಾದರೂ ಕೆಡುತ್ತದೆ. ಅದನ್ನು ಎಸೆಯಬೇಡಿ, ಉಳಿದ ನಾಲ್ಕಕ್ಕೆ ಬಣ್ಣ ಹಚ್ಚುವ ಮುನ್ನ ಪರೀಕ್ಷೆಗೆ ಅದೇ ಆಗುತ್ತದೆ.