ಫಿಲ್ಟರ್ ಕಾಫಿ ನಾಲಿಗೆ ಇಟ್ಕೊಂಡು ಹೊರದೇಶದಲ್ಲಿ ಕಾಫಿ ಕೇಳೋದು ಹೇಗೆ

ಇಟಲಿಗೆ ಹೋಗಿ "ಲಾತ್ತೆ" ಅಂತ ಕೇಳಿದ್ರೆ ನಿಮ್ಗೆ ಸಿಗೋದು ಒಂದ್ ಲೋಟ ಹಾಲು ಅಷ್ಟೇ, ಅದ್ರಲ್ಲಿ ಕಾಫಿ ಒಂದ್ ಹನಿನೂ ಇರಲ್ಲ, ಯಾಕಂದ್ರೆ ಅವ್ರ ಭಾಷೇಲಿ ಲಾತ್ತೆ ಅಂದ್ರೇನೇ ಹಾಲು. ನಮ್ಮ ಮಾಲ್‌ಗಳಲ್ಲಿ ಕಲ್ತಿರೋ ಮೆನು ಅಲ್ಲಿ ಕೆಲ್ಸಕ್ಕೆ ಬರಲ್ಲ. ಸುಮ್ನೆ "ಕಫೆ" ಅನ್ನಿ, ಪುಟ್ಟ ಕಪ್ಪಲ್ಲಿ ಎಸ್ಪ್ರೆಸೊ ಬರತ್ತೆ, ಎರಡು ಗುಟುಕು, ನಮ್ಮ ಮೊದಲ್ನೇ ಡಿಕಾಕ್ಷನ್ ಹಂಗೇ ಕುಡ್ದಂಗೆ. ಕಹಿ ತಡಿಯಕ್ಕಾಗಲ್ಲ ಅನ್ನೋರು "ಮಕ್ಯಾತೊ" ಕೇಳಿ, ಚೂರೇ ಚೂರು ಹಾಲು ಸೋಕಿಸಿ ಕೊಡ್ತಾರೆ. ಕಪುಚೀನೊ ಬೇಕಿದ್ರೆ ಬೆಳಗ್ಗೆನೇ ಕುಡ್ದು ಮುಗ್ಸಿ. ಊಟ ಆದ್ಮೇಲೆ ಕೇಳಿದ್ರೂ ಕೊಡ್ತಾರೆ, ಆದ್ರೆ ಹೊಟ್ಟೆ ತುಂಬಿದ್ಮೇಲೆ ಅಷ್ಟೊಂದು ಹಾಲು ಕುಡಿಯೋದು ಅವ್ರಿಗೆ ಸರಿ ಅನ್ಸಲ್ಲ, ಮಧ್ಯಾಹ್ನ 3 ಗಂಟೆಗೆ ಹಾಲು ಕಾಫಿ ಇಲ್ದೆ ಇರಕ್ಕಾಗದ ನಮ್ಗೆ ಇದು ವಿಚಿತ್ರನೇ.

ಸಮಾಧಾನದ ವಿಷ್ಯ ಅಂದ್ರೆ ಎಷ್ಟೋ ಬಾರ್‌ಗಳು ನಮ್ಮ ದರ್ಶಿನಿ ತರಾನೇ, ಮೊದ್ಲು ಕ್ಯಾಶ್ ಕೌಂಟರಲ್ಲಿ ದುಡ್ ಕೊಟ್ಟು ಚೀಟಿ ತಗೊಂಡು ಅದನ್ನ ಕಾಫಿ ಮಾಡೋನಿಗೆ ತೋರ್ಸಿ ನಿಂತ್ಕೊಂಡೇ ಕುಡ್ದು ಹೊರಡೋದು. ಬಾರ್ ಅಂದ ತಕ್ಷಣ ಗಾಬರಿ ಆಗ್ಬೇಡಿ, ಅಲ್ಲಿ ಕಾಫಿ ಅಂಗಡಿಗೇ ಬಾರ್ ಅಂತಾರೆ. ಕಾಲು ನೋವು ಅಂತ ಟೇಬಲ್ ಹತ್ರ ಕೂತ್ರೆ ಸುಮಾರು ಕಡೆ ರೇಟ್ ಜಾಸ್ತಿ, ಕೂರೋ ಮುಂಚೆ ಬೋರ್ಡ್ ನೋಡಿ.

ಟರ್ಕೀಲಿ ಕಥೆ ಬೇರೆ. ಅಲ್ಲಿ ಹಾಲಿನ ಮಾತೇ ಇಲ್ಲ, ಮೈದಾ ಹಿಟ್ಟಿನಷ್ಟು ನುಣ್ಣಗಿರೋ ಪುಡಿ, ನೀರು, ಸಕ್ಕರೆ ಎಲ್ಲಾ ಒಟ್ಟಿಗೇ ಉದ್ದ ಹಿಡಿ ಇರೋ ಪುಟ್ಟ ಪಾತ್ರೇಲಿ ಕಾಯ್ಸ್ತಾರೆ, ಅದಕ್ಕೇ ಸಕ್ಕರೆ ಎಷ್ಟು ಅಂತ ಆರ್ಡರ್ ಮಾಡೋವಾಗ್ಲೇ ಹೇಳ್ಬೇಕು. ಸಕ್ಕರೆ ಬೇಡ ಅಂದ್ರೆ "ಸಾದೆ", ಇದು ನಮ್ಮ ಸಾದಾ ದೋಸೆಯ ಸಾದಾನೇ, ಎರಡಕ್ಕೂ ಮೂಲ ಪಾರ್ಸಿ. ಮಧ್ಯಮ ಸಿಹಿಗೆ "ಒರ್ತಾ". ಬಂದ ತಕ್ಷಣ ಬಾಯಿಗಿಡ್ಬೇಡಿ, ಜೊತೇಲಿ ಕೊಡೋ ನೀರು ಕುಡ್ದು ಒಂದೆರಡು ನಿಮಿಷ ಬಿಡಿ, ಚರಟ ತಳಕ್ಕೆ ಕೂರ್ಲಿ. ಆಮೇಲೆ ಚಮಚ ಹಾಕಿ ಕಲಕಕ್ಕೆ ಹೋಗ್ಬೇಡಿ, ಕೊನೇ ಗುಟುಕು ಕಪ್ಪಲ್ಲೇ ಬಿಡಿ, ಇಲ್ಲಾಂದ್ರೆ ಬಾಯಿ ತುಂಬಾ ಕೆಸರು. ಆ ಚರಟದಲ್ಲಿ ಭವಿಷ್ಯ ನೋಡೋರೂ ಇದಾರೆ, ಕಪ್ ಸಾಸರ್ ಮೇಲೆ ಬೋರಲು ಹಾಕಿ ಆರಕ್ಕೆ ಬಿಟ್ಟು ನೋಡೋದು.

ಇಥಿಯೋಪಿಯಾದಲ್ಲಿ ಯಾರಾದ್ರೂ ಮನೆಗೆ ಕಾಫಿಗೆ ಕರೆದ್ರೆ ಐದ್ ನಿಮಿಷದ ಕೆಲ್ಸ ಅಂದ್ಕೊಂಡು ಹೋಗ್ಬೇಡಿ. ಹಸಿ ಬೀಜ ತೊಳ್ದು ನಿಮ್ ಮುಂದೇನೇ ಹುರೀತಾರೆ, ಹೊಗೆ ಬರ್ತಿರೋ ಬಾಣಲೆನ ನಿಮ್ ಹತ್ರ ತಂದಾಗ ಮಂಗಳಾರತಿ ತಗೊಂಡಂಗೆ ಕೈಯಲ್ಲಿ ಮುಖದ ಕಡೆ ಎಳ್ಕೊಳಿ, ಖುಷಿ ಪಡ್ತಾರೆ. ಆಮೇಲೆ ಕುಟ್ಟಿ ಪುಡಿ ಮಾಡಿ ಜೆಬೆನಾ ಅನ್ನೋ ಮಣ್ಣಿನ ಹೂಜೀಲಿ ಕುದಿಸಿ ಮೂರು ಸುತ್ತು ಕೊಡ್ತಾರೆ, ಅಬೋಲ್, ತೋನಾ, ಬರಕಾ. ಪುಡಿ ಅದೇ, ನೀರು ಹಾಕ್ತಾ ಹಾಕ್ತಾ ಸುತ್ತಿಂದ ಸುತ್ತಿಗೆ ತೆಳ್ಳಗಾಗತ್ತೆ, ನಮ್ಮನೆಲಿ ಎರಡನೇ ಡಿಕಾಕ್ಷನ್ ಇಳ್ಸಲ್ವಾ ಹಂಗೆ. ಬರಕಾ ಅಂದ್ರೆ ನಮ್ಮ ಬರಕತ್ತು, ಅದನ್ನ ಕುಡೀದೆ ಎದ್ದು ಹೋದ್ರೆ ಮರ್ಯಾದೆ ಅಲ್ಲ.

ವಿಯೆಟ್ನಾಂ ಸುಲಭ, ಲೋಟದ ಮೇಲೆ ಕೂರ್ಸೋ ಅವ್ರ "ಫಿನ್" ನಮ್ಮ ಫಿಲ್ಟರ್‌ನ ದಾಯಾದಿನೇ. ತಳದಲ್ಲಿ ಮಿಲ್ಕ್‌ಮೇಡ್ ತರದ ಗಟ್ಟಿ ಸಿಹಿ ಹಾಲಿರತ್ತೆ, ಚೆನ್ನಾಗಿ ಕಲಕಿ ಕುಡೀರಿ.

ಇಷ್ಟೆಲ್ಲಾ ಆದ್ಮೇಲೂ ನಂಗೆ ಚಿಕೋರಿ ಇರೋ ಹಾಲು ಕಾಫಿನೇ ಬೇಕು ಅಂತ ಹಠ ಮಾಡೋರು ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಹೋದಾಗ "ಕಫೆ ಓ ಲೆ" ಕೇಳಿ, ಚಿಕೋರಿ ಕಾಫಿ ಅರ್ಧ, ಬಿಸಿ ಹಾಲು ಅರ್ಧ. ಜೊತೆಗೆ ಬೆನ್ಯೆ ಅನ್ನೋ ಕರಿದ ತಿಂಡಿ ಮೇಲೆ ಪುಡಿ ಸಕ್ಕರೆ ಗುಡ್ಡೆ ಹಾಕಿ ಕೊಡ್ತಾರೆ, ಕಪ್ಪು ಶರ್ಟ್ ಹಾಕ್ಕೊಂಡು ಹೋಗ್ಬೇಡಿ.